ಬಾಲ್ ಪೈಥಾನ್ ಬೆಳೆದಂತೆ ಗೂಡು: ಅಳತೆಯಿಂದ ಹಿಡಿದು ಹಾವನ್ನು ಒಳಗೆ ಬಿಡುವ ತನಕ

"ದೊಡ್ಡ ಟ್ಯಾಂಕ್ ತಂದು ಹಾಕಿದೆ, ಮೂರು ವಾರದಿಂದ ಏನೂ ತಿಂದಿಲ್ಲ." "ಪೊರೆ ಚೂರು ಚೂರಾಗಿ ಬರ್ತಾ ಇದೆ." "ರಾತ್ರಿಯೆಲ್ಲ ಗಾಜಿಗೆ ಮೂತಿ ಉಜ್ಜುತ್ತೆ." ಹಾವು ಸಾಕಿರುವ ಗೆಳೆಯರಿಂದ ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಇವೇ ಮೂರು. ಕೇಳುತ್ತಾ ಹೋದರೆ ಹಾವಿಗೆ ಕಾಯಿಲೆ ಇರುವುದಿಲ್ಲ, ಗೂಡು ತಪ್ಪಿರುತ್ತದೆ. ಇಲ್ಲವೇ ಗೂಡು ಸರಿಯಿದ್ದು ಕೆಲಸದ ಕ್ರಮ ತಪ್ಪಿರುತ್ತದೆ. ಹಾವು ಮೊದಲು ಮನೆಗೆ ಬಂದಿದೆ, ಗೂಡು ಮರುದಿನ ಬಂದಿದೆ, ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇನ್ನೂ ಪಾರ್ಸೆಲ್‌ನಲ್ಲಿದೆ!

ಆಗಬೇಕಾದ್ದು ಇದರ ಉಲ್ಟಾ. ಮೊದಲು ಅಳತೆ, ಆಮೇಲೆ ಗೂಡು, ಆಮೇಲೆ ಶಾಖ ಮತ್ತು ತೇವ, ಎಲ್ಲಕ್ಕಿಂತ ಕಡೆಗೆ ಹಾವು.

ಅಮೆರಿಕದ ಒಹಾಯೋದ ನಮ್ಮ ಮನೆಯಲ್ಲಿ ಆರು ವರ್ಷದಿಂದ ಒಂದು ಹೆಣ್ಣು ಬಾಲ್ ಪೈಥಾನ್ ಇದೆ. ಹೆಸರು ಉಂಡೆ. ಹೆದರಿದಾಗ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಥೇಟ್ ರವೆ ಉಂಡೆಯ ಹಾಗೆ ಸುತ್ತಿಕೊಳ್ಳುತ್ತಾಳೆ, ಅದಕ್ಕೆ. ಕೆಳಗೆ ಹೇಳಿರುವ ತಪ್ಪುಗಳಲ್ಲಿ ಅರ್ಧದಷ್ಟನ್ನು ನಾನೇ ಮಾಡಿದ್ದೇನೆ.

## ಶುರು ಮಾಡುವ ಮುನ್ನ: ಯಾವ ಹಾವು, ಯಾವ ಊರು

ಇಲ್ಲಿರುವ ಅಳತೆ, ಶಾಖ ಎಲ್ಲವೂ ಬಾಲ್ ಪೈಥಾನ್‌ಗೆ ಮಾತ್ರ. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಚಿಕ್ಕ ಜಾತಿಯ ಹೆಬ್ಬಾವು. ಬರ್ಮೀಸ್ ಅಥವಾ ರೆಟಿಕ್ಯುಲೇಟೆಡ್ ಪೈಥಾನ್ 15 ಅಡಿ ದಾಟುವ ಪ್ರಾಣಿ. ಅದಕ್ಕೆ ಗೂಡಲ್ಲ, ಕೋಣೆಯೇ ಬೇಕು.

ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು. ನಮ್ಮ ತೋಟ, ಗದ್ದೆಗಳಲ್ಲಿ ಕಾಣುವ ಹೆಬ್ಬಾವನ್ನು ಮರಿಯಾದರೂ ಮನೆಗೆ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿರುವ ಪ್ರಾಣಿ ಅದು. ಇಟ್ಟುಕೊಂಡರೆ 3ರಿಂದ 7 ವರ್ಷ ಜೈಲು. ಅರಣ್ಯ ಇಲಾಖೆಗೆ ಫೋನ್ ಮಾಡಿ, ಅಷ್ಟೇ. ಬಾಲ್ ಪೈಥಾನ್ ಹೊರದೇಶದ್ದಾದರೂ ಸುಮ್ನೆ ತಂದಿಟ್ಟುಕೊಳ್ಳುವ ಹಾಗಿಲ್ಲ. 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿನೊಳಗೆ ಸಿಕ್ಕಿಬೀಳುವ ಹಾವುಗಳ ಸುದ್ದಿ ಓದಿರುತ್ತೀರಲ್ವಾ, ಅಂಥ ಕಡೆಯಿಂದ ಬಂದ ಮರಿಗೆ ಕಾಗದಪತ್ರ ಎಂದೂ ಸಿಗುವುದಿಲ್ಲ.

ಅಮೆರಿಕದಲ್ಲೂ ರಾಜ್ಯಕ್ಕೊಂದು, ಊರಿಗೊಂದು ಕಾನೂನು. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ಬಾಡಿಗೆ ಮನೆಯಾದರೆ ಕರಾರುಪತ್ರವನ್ನು ಒಮ್ಮೆ ಓದಿಕೊಳ್ಳಿ.

## ಬೇಕಾಗುವ ಸಾಮಾನು

ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ. ಅಡುಗೆಮನೆಯದ್ದು ಬೇಡ, ಬೇರೆಯದೇ ಇರಲಿ. ಹಾವಿನ ಮೈಮೇಲೆ ಸಾಲ್ಮೊನೆಲ್ಲಾ ಇರಬಹುದು. ಪ್ರೋಬ್ (ತಂತಿಯ ತುದಿಯಲ್ಲಿ ಶಾಖ ಅಳೆಯುವ ಕಡ್ಡಿ) ಇರುವ ಡಿಜಿಟಲ್ ಥರ್ಮಾಮೀಟರ್ ಎರಡು, ತೇವಾಂಶ ಅಳೆಯುವ ಡಿಜಿಟಲ್ ಹೈಗ್ರೋಮೀಟರ್ ಒಂದು, ನೆಲದ ಶಾಖ ನೋಡಲು ಇನ್ಫ್ರಾರೆಡ್ ಗನ್ ಒಂದು. ಹೀಟರ್, ಅದಕ್ಕೆ ಥರ್ಮೋಸ್ಟಾಟ್. ಒಂದೇ ಥರದ ಹೈಡ್ ಎರಡು. ಹೈಡ್ ಅಂದರೆ ಹಾವು ಮುದುಡಿ ಕೂರುವ ಪುಟ್ಟ ಗುಹೆ. ಭಾರವಾದ ನೀರಿನ ಬಟ್ಟಲು, ಹಾಸು, ಒಂದು ನೋಟ್‌ಬುಕ್.

ಅಂಗಡಿಯಲ್ಲಿ ಗಾಜಿಗೆ ಅಂಟಿಸುವ ಮುಳ್ಳಿನ ಮೀಟರ್ ಕೊಡುತ್ತಾರೆ. ಬೇಡ. ಅದು ಗಾಜಿನ ಶಾಖ ತೋರಿಸುತ್ತದೆ, ಹಾವು ಮಲಗಿರುವ ಜಾಗದ್ದಲ್ಲ. ನನ್ನ ಹತ್ತಿರ ಅಂಥವು ಎರಡಿದ್ದವು. ಪಕ್ಕ ಪಕ್ಕ ಇಟ್ಟಾಗ ಎರಡಕ್ಕೂ 7 ಡಿಗ್ರಿ ವ್ಯತ್ಯಾಸ! "ಎಲ್ಲಾ ಒಂದರಲ್ಲೇ ಇದೆ" ಅಂತ ಪೆಟ್ಟಿಗೆಯಲ್ಲಿ ತುಂಬಿ ಮಾರುವ ಕಿಟ್‌ನಲ್ಲೂ ಇಂಥವೇ ಇರುತ್ತವೆ, ಥರ್ಮೋಸ್ಟಾಟ್ ಮಾತ್ರ ಇರುವುದಿಲ್ಲ.

## ಹಂತ 1: ಹಾವನ್ನು ಅಳೆಯಿರಿ

ವಯಸ್ಸು ನೋಡಿ ಗೂಡು ಕೊಳ್ಳಬೇಡಿ. ಒಂದೇ ದಿನ ಮೊಟ್ಟೆಯೊಡೆದ ಎರಡು ಮರಿಗಳಲ್ಲಿ ಒಂದು ವರ್ಷದೊಳಗೆ ಇನ್ನೊಂದರ ಎರಡರಷ್ಟು ತೂಗಬಹುದು.

ತೂಕಕ್ಕೆ ಹಾವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ತೂಗಿ, ಡಬ್ಬಿಯ ತೂಕ ಕಳೆಯಿರಿ. ಊಟ ಮಾಡಿದ ವಾರದಲ್ಲಿ ತೂಗಿದರೆ ಇಲಿಯ ತೂಕವೂ ಸೇರಿಕೊಳ್ಳುತ್ತದೆ, ಮುಂದಿನ ಊಟದ ಹಿಂದಿನ ದಿನ ತೂಗಿ.

ಉದ್ದ ಅಳೆಯಲು ಹಾವನ್ನು ಎಳೆದು ನೆಟ್ಟಗೆ ಮಾಡಬೇಡಿ. ಅದು ಸಡಿಲವಾಗಿ ಹರಿಯುವಾಗ ಬೆನ್ನಿನ ಮೇಲೆ ದಾರ ಇಳಿಬಿಟ್ಟು, ಆ ದಾರವನ್ನು ಅಳೆಯಿರಿ. ಅಥವಾ ಒಂದಡಿಯ ನೆಲದ ಟೈಲ್ ಮೇಲೆ ಬಿಟ್ಟು ಮೇಲಿಂದ ಫೋಟೋ ತೆಗೆದು ಎಣಿಸಿ. ಬಿದ್ದ ಪೊರೆಯನ್ನು ಅಳೆಯುವವರು ತುಂಬಾ ಜನ. ಪೊರೆ ಕಳಚುವಾಗ ಹಿಗ್ಗುತ್ತದೆ, ಹಾವಿಗಿಂತ ಗೇಣುದ್ದ ಜಾಸ್ತಿಯೇ ಬರಬಹುದು.

ಮೊಟ್ಟೆಯೊಡೆದ ಮರಿ 25ರಿಂದ 43 ಸೆಂಟಿಮೀಟರ್. ಬೆಳೆದ ಗಂಡು ಸುಮಾರು 3ರಿಂದ 3.5 ಅಡಿ, ಹೆಣ್ಣು 4ರಿಂದ 5 ಅಡಿ. ಬೆಳವಣಿಗೆಯ ಓಟವೆಲ್ಲ ಮೊದಲ ಮೂರು ವರ್ಷದಲ್ಲಿ. ಚೆನ್ನಾಗಿ ನೋಡಿಕೊಂಡರೆ 20-30 ವರ್ಷ ಬದುಕುವ ಹಾವು ಇದು. ಗೂಡಿಗೆ ಖರ್ಚು ಮಾಡುವಾಗ ಈ ಲೆಕ್ಕ ತಲೆಯಲ್ಲಿರಲಿ.

## ಹಂತ 2: ಅಳತೆಗೆ ತಕ್ಕ ಜಾಗ

ಗ್ಯಾಲನ್ ಲೆಕ್ಕ ಮರೆತುಬಿಡಿ. ಅದು ಮೀನಿನ ಲೆಕ್ಕ. 20 ಗ್ಯಾಲನ್ ಲಾಂಗ್ ಟ್ಯಾಂಕ್‌ನ ನೆಲ 30 ಇಂಚು ಉದ್ದ, 12 ಇಂಚು ಅಗಲ. 29 ಗ್ಯಾಲನ್ ಟ್ಯಾಂಕ್‌ನ ನೆಲವೂ ಅಷ್ಟೇ! ಜಾಸ್ತಿಯಾದ 9 ಗ್ಯಾಲನ್ ಪೂರಾ ಎತ್ತರಕ್ಕೆ ಹೋಗಿದೆ. ಹಾವಿಗೆ ಮೊದಲು ಬೇಕಾದ್ದು ನೆಲ.

ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ. ಹಾವು ಮೈ ಚಾಚಿ ಮಲಗಬೇಕೆಂದರೆ ಮಲಗುವಷ್ಟು ಜಾಗ ಇರಬೇಕು. ಅಗಲ ಉದ್ದದ ಅರ್ಧ. ಎತ್ತರವೂ ಅಗಲದಷ್ಟಿದ್ದರೆ ಕೊಂಬೆ ಇಡಬಹುದು. ಬಾಲ್ ಪೈಥಾನ್ ನೆಲದ ಹಾವು ಅಂತ ಎಲ್ಲರೂ ಹೇಳುತ್ತಾರೆ, ಕೊಂಬೆ ಇಟ್ಟು ನೋಡಿ, ರಾತ್ರಿ ಹತ್ತರ ಮೇಲೆ ಹತ್ತೇ ಹತ್ತುತ್ತದೆ.

ಸುಮಾರು 200 ಗ್ರಾಂ ತನಕ: 30 ಇಂಚು ಉದ್ದ, 12 ಇಂಚು ಅಗಲದ ಗೂಡು, ಅಥವಾ ಅಷ್ಟೇ ಅಗಲವಾದ, ಕ್ಲಿಪ್ ಮುಚ್ಚಳದ ಪ್ಲಾಸ್ಟಿಕ್ ಟಬ್.

200ರಿಂದ 600 ಗ್ರಾಂ: 3 ಅಡಿ ಉದ್ದ, ಒಂದೂವರೆ ಅಡಿ ಅಗಲ.

ಅದಕ್ಕಿಂತ ದೊಡ್ಡದು, ಅಥವಾ 3 ಅಡಿ ದಾಟಿದ್ದು: 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಇದರ ಮೂಲೆಯಿಂದ ಮೂಲೆಗೆ ಸುಮಾರು ನಾಲ್ಕೂವರೆ ಅಡಿ ಬರುತ್ತದೆ. ಗಂಡಿಗೆ ಧಾರಾಳ, ಮಧ್ಯಮ ಗಾತ್ರದ ಹೆಣ್ಣಿಗೆ ಸಾಕು. 5 ಅಡಿ ಮುಟ್ಟಿದ ಹೆಣ್ಣಿಗೆ 5 ಅಡಿ ಉದ್ದದ್ದನ್ನೇ ನೋಡಿ.

ಮೂರು ಸಲ ಕೊಳ್ಳುವ ಬದಲು ಮೊದಲೇ ದೊಡ್ಡದನ್ನು ತಂದರೆ ಆಗಲ್ವಾ? ಆಗುತ್ತದೆ. "ದೊಡ್ಡ ಗೂಡಿನಲ್ಲಿ ಮರಿ ಹೆದರಿ ಊಟ ಬಿಡುತ್ತದೆ" ಅನ್ನುವುದು ಅರ್ಧ ನಿಜ. ಮರಿ ಹೆದರುವುದು ಖಾಲಿ ಜಾಗಕ್ಕೆ. 4 ಅಡಿಯ ಗೂಡಿನಲ್ಲಿ ಒಂದು ಹೈಡ್, ಒಂದು ಬಟ್ಟಲು ಇಟ್ಟರೆ ಮರಿಗೆ ಅದು ಬಟಾಬಯಲು. ಅದೇ ಗೂಡಿಗೆ ಆರೇಳು ಕಡೆ ನುಸುಳುವ ಜಾಗ ಮಾಡಿ, ಎಲೆ ತುಂಬಿಸಿದರೆ ಮರಿ ಆರಾಮಾಗಿ ತಿನ್ನುತ್ತದೆ. ಅಷ್ಟು ತುಂಬಿಸಲು ನಿಮಗೆ ಮನಸ್ಸಿದ್ದರೆ ದೊಡ್ಡದನ್ನೇ ಕೊಳ್ಳಿ, ದುಡ್ಡು ಉಳಿಯುತ್ತದೆ. ಮನಸ್ಸಿಲ್ಲದಿದ್ದರೆ ಹಂತ ಹಂತವಾಗಿ ಹೋಗಿ. ನಡುವೆ ಹಲಗೆ ಅಡ್ಡ ಇಟ್ಟು ಭಾಗ ಮಾಡುವವರು ಸಂದು ಬಿಡದ ಹಾಗೆ ನೋಡಿಕೊಳ್ಳಿ. ಮರಿಯ ತಲೆ ತೂರುವ ಕಡೆ ಇಡೀ ಮರಿ ತೂರುತ್ತದೆ.

## ಹಂತ 3: ಗಾಜೋ, ಪಿವಿಸಿಯೋ, ಮರವೋ

ನನ್ನ ಮತ ಪಿವಿಸಿಗೆ. ಶಾಖ ಹಿಡಿದಿಡುತ್ತದೆ, ತೇವ ಹಿಡಿದಿಡುತ್ತದೆ, ನೀರು ಬಿದ್ದರೆ ಉಬ್ಬುವುದಿಲ್ಲ, ಗಾಜಿಗಿಂತ ಹಗುರ. ಮೂರು ಕಡೆ ಗೋಡೆ ಮುಚ್ಚಿರುವುದರಿಂದ ಹಾವಿಗೂ ಧೈರ್ಯ.

ಬಾಗಿಲು ಮುಂದೆ ಇರಲಿ. ಮೇಲಿನಿಂದ ಕೈ ಇಳಿದರೆ ಹಾವಿಗೆ ಅದು ಹದ್ದೇ. ಮುಂದಿನಿಂದ, ಅದರ ಮಟ್ಟದಲ್ಲೇ ಕೈ ಬಂದರೆ ಅಷ್ಟು ಬೆಚ್ಚುವುದಿಲ್ಲ. ಬಾಗಿಲಿಗೆ ಬೀಗ ಬೇಕೇ ಬೇಕು. ಸರಿಯುವ ಗಾಜಿನ ಬಾಗಿಲನ್ನು ಮೂತಿಯಿಂದ ತಳ್ಳಿ ತೆರೆಯುವುದು ಈ ಹಾವಿಗೆ ಒಂದು ರಾತ್ರಿಯ ಕೆಲಸ.

ಮೀನಿನ ಟ್ಯಾಂಕ್ ಈಗಾಗಲೇ ಇದ್ದರೆ ಎಸೆಯಬೇಡಿ. ಹಿಂದೆ ಮತ್ತು ಎರಡು ಬದಿಗೆ ಹೊರಗಿನಿಂದ ದಪ್ಪ ಥರ್ಮೋಕೋಲ್ ಅಥವಾ ಕಪ್ಪು ಹಾಳೆ ಕಟ್ಟಿ. ಜಾಲರಿ ಮುಚ್ಚಳದ ಕತೆ ಹಂತ 5ರಲ್ಲಿ ಇದೆ.

ಮರದ ಗೂಡು ಮಾಡಿಸುವವರು ಒಳಗಡೆ ನೀರಿನಂಶದ ಪಾಲಿಯುರೆಥೇನ್ ಮೂರು ಕೋಟ್ ಹೊಡೆಸಿ, ಮೂಲೆಗಳಿಗೆ ಅಕ್ವೇರಿಯಂ ಸಿಲಿಕೋನ್ ಹಾಕಿಸಿ. ಬಾತ್‌ರೂಮಿನ ಸಿಲಿಕೋನ್‌ನಲ್ಲಿ ಬೂಷ್ಟಿನ ಔಷಧ ಇರುತ್ತದೆ, ಬೇಡ. ವಾಸನೆ ಪೂರ್ತಿ ಹೋಗುವ ತನಕ ಕಾಯಬೇಕು, ಅದು ವಾರಗಳ ಮಾತು. ಸೀಡರ್ ಮತ್ತು ಪೈನ್ ಮರ ಒಳಗೆ ಯಾವ ರೂಪದಲ್ಲೂ ಬೇಡ. ಅವುಗಳ ಘಾಟು ಹಾವಿನ ಉಸಿರಾಟಕ್ಕೆ ಕೆಟ್ಟದ್ದು.

## ಹಂತ 4: ಶಾಖ, ಅದಕ್ಕಿಂತ ಮೊದಲು ಥರ್ಮೋಸ್ಟಾಟ್

ಹಾವಿಗೆ ಬೆಚ್ಚನೆ ಬದಿಯೊಂದು, ತಂಪು ಬದಿಯೊಂದು ಬೇಕು. ತನ್ನ ಮೈಶಾಖವನ್ನು ಅದು ಆ ಎರಡರ ನಡುವೆ ಓಡಾಡಿ ಸರಿ ಮಾಡಿಕೊಳ್ಳುತ್ತದೆ. ಬೆಚ್ಚನೆ ಬದಿ 31ರಿಂದ 32 ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟ್‌ನಲ್ಲಿ 88-90. ತಂಪು ಬದಿ 25ರಿಂದ 27, ಅಂದರೆ 77-80. ರಾತ್ರಿ ಸ್ವಲ್ಪ ಇಳಿದರೂ 24ಕ್ಕಿಂತ ಕೆಳಗೆ ಹೋಗದ ಹಾಗೆ ನೋಡಿಕೊಂಡರೆ ಕ್ಷೇಮ. ಹಾವು ಮೈ ತಾಗಿಸುವ ಯಾವ ಜಾಗವೂ 35 ದಾಟಬಾರದು.

ಇದನ್ನು ಕೊಡಲು ಸೆರಾಮಿಕ್ ಹೀಟರ್, ಡೀಪ್ ಹೀಟ್ ಪ್ರೊಜೆಕ್ಟರ್, ಚಾವಣಿಗೆ ಸ್ಕ್ರೂ ಹಾಕುವ ಹೀಟ್ ಪ್ಯಾನೆಲ್, ಕೆಳಗೆ ಹಾಸುವ ಹೀಟ್ ಮ್ಯಾಟ್ ಇವೆ. 4 ಅಡಿಯ ಪಿವಿಸಿ ಗೂಡಿಗೆ ಪ್ಯಾನೆಲ್ ಅಚ್ಚುಕಟ್ಟು. ಹೀಟ್ ಮ್ಯಾಟ್ ನೆಲವನ್ನಷ್ಟೇ ಕಾಯಿಸುತ್ತದೆ, ಗಾಳಿಯನ್ನಲ್ಲ. ಮರಿಯ ಟಬ್‌ಗೆ ಸಾಕು, ದೊಡ್ಡ ಗೂಡಿಗೆ ಸಾಲದು. ಬಿಸಿ ಕಲ್ಲು ಅಂತ ಮಾರುತ್ತಾರಲ್ಲ, ಹೀಟ್ ರಾಕ್, ಅದನ್ನು ಮುಟ್ಟಲೂ ಹೋಗಬೇಡಿ. ಒಂದೊಂದು ಕಡೆ ಕಾದ ಹೆಂಚಿನ ಹಾಗೆ ಆಗುತ್ತದೆ. ಹಾವಿಗೆ ಹೊಟ್ಟೆ ಸುಡುತ್ತಿದ್ದರೂ ಅಲ್ಲೇ ಮಲಗಿರುವ ಕೆಟ್ಟ ಗುಣ ಇದೆ.

ಬಲ್ಬು, ಸೆರಾಮಿಕ್ ಯಾವುದೇ ಒಳಗಿದ್ದರೂ ಸುತ್ತ ತಂತಿಯ ಪಂಜರ ಹಾಕಿ. ಹಾವು ಅದಕ್ಕೂ ಸುತ್ತಿಕೊಳ್ಳುತ್ತದೆ.

ಥರ್ಮೋಸ್ಟಾಟ್ ಇಲ್ಲದ ಹೀಟರ್ ಅನ್ನು ಒಂದು ರಾತ್ರಿಯ ಮಟ್ಟಿಗೂ ಹಚ್ಚಬೇಡಿ. ಬಲ್ಬ್ ಬಳಸುವುದಾದರೆ ಡಿಮ್ಮಿಂಗ್ (ಬೆಳಕನ್ನು ಮೆಲ್ಲಗೆ ಏರಿಳಿಸುವ) ಥರ್ಮೋಸ್ಟಾಟ್ ಬೇಕು, ಮ್ಯಾಟ್ ಮತ್ತು ಸೆರಾಮಿಕ್‌ಗೆ ಆನ್-ಆಫ್ ಅಥವಾ ಬಿಟ್ಟು ಬಿಟ್ಟು ಕರೆಂಟ್ ಕೊಡುವ ಪಲ್ಸ್ ಥರದ್ದು ನಡೆಯುತ್ತದೆ. ಕೊಳ್ಳುವ ಮುಂಚೆ ಅದು ತಡೆದುಕೊಳ್ಳುವ ವ್ಯಾಟ್ ಎಷ್ಟು ಅಂತ ನೋಡಿ.

ಇನ್ನು ಪ್ರೋಬ್ ಎಲ್ಲಿಡಬೇಕು ಅನ್ನುವುದು. ಎಲ್ಲರೂ ಎಡವುವುದು ಇಲ್ಲೇ. ಮೇಲಿನ ಹೀಟರ್ ಆದರೆ ಬೆಚ್ಚನೆ ಬದಿಯಲ್ಲಿ, ಹಾವಿನ ಬೆನ್ನಿನ ಎತ್ತರದಲ್ಲಿ. ಮ್ಯಾಟ್ ಆದರೆ ಮ್ಯಾಟಿಗೂ ಗೂಡಿನ ತಳಕ್ಕೂ ನಡುವೆ. ಪ್ರೋಬ್ ಸಡಿಲವಾಗಿ ಆಚೆ ಬಿದ್ದರೆ ಅದು ಕೋಣೆಯ ಗಾಳಿಯನ್ನು ಅಳೆಯುತ್ತದೆ. "ಇನ್ನೂ ತಣ್ಣಗಿದೆ" ಅಂದುಕೊಂಡು ಹೀಟರ್ ಉರಿಯುತ್ತಲೇ ಇರುತ್ತದೆ. ಬಟ್ಟಲು ಮಗುಚಿ ಪ್ರೋಬ್ ಒದ್ದೆಯಾದರೂ ಇದೇ ಗತಿ. ಹಾಗಾಗಿ ಪ್ರೋಬ್ ಅಲುಗದ ಹಾಗೆ ಕಟ್ಟಬೇಕು, ಆದರೆ ಟೇಪ್‌ನಿಂದ ಅಲ್ಲ.

ನಾನು ಟೇಪ್ ಹಾಕಿದ್ದೆ. ಒಂದು ಬೆಳಗ್ಗೆ ಎದ್ದು ನೋಡಿದರೆ ಉಂಡೆಯ ಕುತ್ತಿಗೆಯಿಂದ ಒಂದು ಗೇಣು ಕೆಳಗೆ ಟೇಪ್ ಅಂಟಿಕೊಂಡಿದೆ, ಅದರ ಇನ್ನೊಂದು ತುದಿ ಗೋಡೆಯಲ್ಲಿ. ಅವಳು ಮುಂದಕ್ಕೆ ಎಳೆದಷ್ಟೂ ಹುರುಪೆ ಮೇಲಕ್ಕೇಳುತ್ತಿತ್ತು. ಕತ್ತರಿಯಿಂದ ಟೇಪನ್ನು ಗೋಡೆಯ ಕಡೆಗೆ ಕತ್ತರಿಸಿ ಹೊರಗೆ ತಂದೆವು. ಹೆಂಡತಿ ಹಿಡಿದುಕೊಂಡಳು. ನಾನು ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಟೇಪಿನ ಅಂಚಿಗೆ ಸವರುತ್ತಾ, ತಲೆಯಿಂದ ಬಾಲದ ದಿಕ್ಕಿಗೆ ಒಂದೊಂದೇ ಹುರುಪೆ ಬಿಡಿಸಿದೆ. ಒಂದೂವರೆ ಗಂಟೆ ಹಿಡಿಯಿತು. ಎಳೆದು ಕಿತ್ತಿದ್ದರೆ ಚರ್ಮವೇ ಬರುತ್ತಿತ್ತು. ಈಗ ಪ್ರೋಬ್ ತಂತಿಯನ್ನು ಪ್ಲಾಸ್ಟಿಕ್ ಕ್ಲಿಪ್‌ಗೆ ಸಿಕ್ಕಿಸಿ, ಕ್ಲಿಪ್ಪನ್ನು ಗೋಡೆಗೆ ಸ್ಕ್ರೂ ಹಾಕಿದ್ದೇನೆ. ಗೂಡಿನೊಳಗೆ ಒಂದು ಚೂರು ಟೇಪೂ ಇಲ್ಲ.

## ಹಂತ 5: ಹಾಸು ಮತ್ತು ತೇವ

ತೇವಾಂಶ 60ರಿಂದ 80 ಪ್ರತಿಶತ ಇರಬೇಕು. ಪೊರೆ ಬಿಡುವ ಹೊತ್ತಿಗೆ 70ರ ಮೇಲಿದ್ದರೆ ಒಳ್ಳೆಯದು. ಮಂಗಳೂರಿನಂಥ ಕರಾವಳಿಯಲ್ಲಿ ಇದಕ್ಕೆ ಏನೂ ಮಾಡಬೇಕಾಗಿಲ್ಲ, ಮಳೆಗಾಲದಲ್ಲಿ ಉಲ್ಟಾ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳಬೇಕು. ಹೀಟರ್ ಓಡುವ ಚಳಿದೇಶದ ಮನೆಯಲ್ಲಿ ಇದೇ ದೊಡ್ಡ ತಲೆನೋವು.

ಹೊರಗಿನ ಚಳಿಗಾಳಿಯಲ್ಲಿ ನೀರಿನಂಶ ಇರುವುದೇ ಕಡಿಮೆ. ಅದನ್ನು ಒಳಗೆ ತಂದು ಬಿಸಿ ಮಾಡಿದರೆ ಇನ್ನೂ ಒಣಗುತ್ತದೆ. ಅದರ ಮೇಲೆ ಗಾಜಿನ ಟ್ಯಾಂಕ್‌ಗೆ ಜಾಲರಿ ಮುಚ್ಚಳ, ಜಾಲರಿಯ ಮೇಲೆ ದೀಪ. ಬಿಸಿಗಾಳಿ ಹಳೇ ಅಡುಗೆಮನೆಯ ಹೊಗೆಗೂಡಿನಲ್ಲಿ ಏರುವ ಹಾಗೆ ಜಾಲರಿಯಿಂದ ಏರಿಹೋಗುತ್ತದೆ, ಜೊತೆಗೆ ತೇವವನ್ನೂ ಒಯ್ಯುತ್ತದೆ. ನಮ್ಮ ಮೊದಲ ಚಳಿಗಾಲದಲ್ಲಿ ಹೈಗ್ರೋಮೀಟರ್ 28 ತೋರಿಸುತ್ತಿತ್ತು. ನಾನು ದಿನಕ್ಕೆ ನಾಲ್ಕು ಸಲ ಸ್ಪ್ರೇ ಹೊಡೆಯುತ್ತಿದ್ದೆ. ಹೊಡೆದ ಕೂಡಲೇ 80, ಒಂದು ಗಂಟೆಯಲ್ಲಿ ಮತ್ತೆ 30. ಪೊರೆ ಒಂಬತ್ತು ಚೂರಾಗಿ ಬಂತು, ಎಡಗಣ್ಣಿನ ಮೇಲಿನದು ಬರಲೇ ಇಲ್ಲ. ಅದನ್ನು ಮನೆಯಲ್ಲಿ ಚಿಮಟದಿಂದ ತೆಗೆಯಲು ಹೋಗಬೇಡಿ, ಕಣ್ಣೇ ಹೋದೀತು. ವೈದ್ಯರ ಹತ್ತಿರ ಹೋಗಬೇಕಾಯಿತು.

ಪರಿಹಾರ ಸ್ಪ್ರೇ ಅಲ್ಲ. ಮೊದಲು ಜಾಲರಿಯ ಮುಕ್ಕಾಲು ಭಾಗವನ್ನು ಹೊರಗಿನಿಂದ ಅಲ್ಯೂಮಿನಿಯಂ ಫಾಯಿಲ್‌ನಿಂದ ಮುಚ್ಚಿ. ದೀಪದ ಸುತ್ತ ಬಿಡಿ, ಒಂದು ಕೊನೆಯಲ್ಲಿ ಗಾಳಿಗೆ ಬಿಡಿ. ಆಮೇಲೆ ಹಾಸನ್ನು ನಾಲ್ಕು ಇಂಚು ದಪ್ಪ ಹಾಕಿ. ನೀರನ್ನು ನಾಲ್ಕೂ ಮೂಲೆಗೆ ಸುರಿಯಿರಿ, ಮೇಲೆ ಅಲ್ಲ. ಕೆಳಪದರ ಹಸಿಯಾಗಿ, ಮೇಲ್ಪದರ ಮುಟ್ಟಿದರೆ ಒಣಗಿರಬೇಕು. ಕೆಳಗಿನ ತೇವ ದಿನಗಟ್ಟಲೆ ನಿಧಾನವಾಗಿ ಮೇಲೇಳುತ್ತದೆ. ಮೇಲ್ಪದರವೇ ಪಿಚಪಿಚ ಅಂದರೆ ಹೊಟ್ಟೆಯ ಹುರುಪೆಗಳಲ್ಲಿ ಗುಳ್ಳೆ ಏಳುತ್ತದೆ.

ಹಾಸಿಗೆ ಏನು? ತೆಂಗಿನ ನಾರಿನ ಪುಡಿ ಮತ್ತು ಸಿಪ್ಪೆಯ ತುಂಡು ಸೇರಿಸಿದ್ದು ಎಲ್ಲಕ್ಕಿಂತ ಸುಲಭ. ಅರಸೀಕೆರೆ, ತಿಪಟೂರು ಕಡೆ ಮನೆ ಹಿಂದೆ ಗುಡ್ಡೆ ಬಿದ್ದಿರುವ ಇದೇ ಪುಡಿಯನ್ನು ಇಲ್ಲಿ ಇಟ್ಟಿಗೆ ಮಾಡಿ ಡಾಲರಿಗೆ ಮಾರುತ್ತಾರೆ. ಊರಲ್ಲಿ ಅಜ್ಜಿಗೆ ಹೇಳಿದರೆ ಇನ್ನೂ ನಂಬಿಲ್ಲ! ಗಿಡಕ್ಕೆಂದು ಗೊಬ್ಬರ ಬೆರೆಸಿದ್ದು ಮಾತ್ರ ಬೇಡ. ಸೈಪ್ರಸ್ ಮಲ್ಚ್ ಕೂಡ ಆಗುತ್ತದೆ.

ಹೊಸದಾಗಿ ಬಂದ ಹಾವಿಗೆ ಮೊದಲ ತಿಂಗಳು ಪೇಪರ್ ಟವೆಲ್ ಹಾಸು. ಉಣುಗು (ರಕ್ತ ಹೀರುವ ಪುಟ್ಟ ಹುಳು, ಮೈಟ್) ಇದ್ದರೆ, ಮಲದಲ್ಲಿ ಏನಾದರೂ ವ್ಯತ್ಯಾಸವಿದ್ದರೆ, ಕಣ್ಣಿಗೆ ಕಾಣುತ್ತದೆ. ಅಷ್ಟು ದಿನ ತೇವಕ್ಕೆ ಹೈಡ್ ಒಂದರೊಳಗೆ ಒದ್ದೆ ಪಾಚಿ (ಅಂಗಡಿಯ ಸ್ಫ್ಯಾಗ್ನಮ್ ಮಾಸ್) ಇಡಿ.

## ಹಂತ 6: ಒಳಗೆ ತುಂಬಿಸುವುದು

ಹೈಡ್ ಎರಡೂ ಒಂದೇ ಥರ ಇರಲಿ, ಬೆಚ್ಚನೆ ಬದಿಗೊಂದು, ತಂಪು ಬದಿಗೊಂದು. ಬೇರೆ ಬೇರೆ ಇದ್ದರೆ ಹಾವು ಶಾಖ ಬಿಟ್ಟು ತನಗೆ ಇಷ್ಟವಾದ ಹೈಡಿನಲ್ಲೇ ಕೂತುಬಿಡುತ್ತದೆ. ಸುತ್ತಿಕೊಂಡು ಕೂತಾಗ ಬೆನ್ನು, ಪಕ್ಕೆ ಗೋಡೆಗೆ ತಾಗಬೇಕು. "ಪಾಪ, ಇಕ್ಕಟ್ಟು" ಅಂತ ನಮಗೆ ಅನ್ನಿಸಿದರೆ ಅಳತೆ ಸರಿಯಿದೆ ಅಂತಲೇ ಲೆಕ್ಕ. ಗೂಡು ಬದಲಿಸುವಾಗ ಜನ ಹೈಡನ್ನೂ ಗೂಡಿನ ಲೆಕ್ಕದಲ್ಲಿ ದೊಡ್ಡದು ತರುತ್ತಾರೆ. ಅದು ಹಾವಿನ ಲೆಕ್ಕದಲ್ಲಿರಬೇಕು.

ಉಳಿದದ್ದು ಸುಲಭ. ನಡುವೆ ಬಯಲು ಕಾಣದ ಹಾಗೆ ಪ್ಲಾಸ್ಟಿಕ್ ಎಲೆ, ಕಾರ್ಕ್ ತೊಗಟೆ, ರಟ್ಟಿನ ಡಬ್ಬಿ. ರಟ್ಟಿನ ಡಬ್ಬಿ ನೋಡಲು ಚೆನ್ನಾಗಿರುವುದಿಲ್ಲ ನಿಜ, ಹಾವಿಗೆ ಅದೇ ಇಷ್ಟ. ಭಾರವಾದ ಕಲ್ಲು, ಕೊಂಬೆಗಳನ್ನು ಗೂಡಿನ ತಳಕ್ಕೇ ಊರಿ, ಹಾಸಿನ ಮೇಲೆ ಅಲ್ಲ. ಹಾವು ಕೆಳಗೆ ತೋಡಿ ನುಗ್ಗಿದಾಗ ಮೈಮೇಲೆ ಬೀಳಬಾರದು. ನೀರಿನ ಬಟ್ಟಲು ತಂಪು ಬದಿಗೆ.

## ಹಂತ 7: ಖಾಲಿ ಗೂಡನ್ನು ಒಂದು ವಾರ ನಡೆಸಿ

ಈ ಹಂತವನ್ನು ನುಂಗಿಹಾಕುವವರೇ ಹೆಚ್ಚು. ಹಾವಿಲ್ಲದೆ, ಎಲ್ಲವನ್ನೂ ಹಚ್ಚಿ, ಏಳು ದಿನ ನಡೆಸಿ. ಬೆಳಗ್ಗೆ ಎದ್ದ ತಕ್ಷಣ, ಮಧ್ಯಾಹ್ನ, ಮಲಗುವ ಮುಂಚೆ ಬೆಚ್ಚನೆ ಬದಿ, ತಂಪು ಬದಿ, ತೇವ ಮೂರನ್ನೂ ಬರೆದುಕೊಳ್ಳಿ. ಗನ್‌ನಿಂದ ನೆಲ, ಹೈಡಿನ ಮಾಡು, ಕೊಂಬೆಯ ತುದಿ ಎಲ್ಲವನ್ನೂ ಒಮ್ಮೆ ನೋಡಿ. ಹೀಟರ್ ಹತ್ತಿರದ ಕೊಂಬೆಯ ತುದಿ ಎಷ್ಟು ಕಾಯುತ್ತದೆ ಅಂತ ನೋಡಿದರೆ ಗಾಬರಿಯಾಗುತ್ತೀರಿ.

ತಂಪು ಬದಿ 29 ಮುಟ್ಟುತ್ತಿದ್ದರೆ ಹೀಟರನ್ನು ಇನ್ನೂ ಮೂಲೆಗೆ ಸರಿಸಿ, ಗಾಳಿಕಿಂಡಿ ತೆರೆಯಿರಿ. ಚಿಕ್ಕ ಗೂಡಿನಲ್ಲಿ ಇದು ಎಷ್ಟು ಮಾಡಿದರೂ ಸರಿಹೋಗದೆ ಇರಬಹುದು. ಎರಡು ಬದಿಗೆ ವ್ಯತ್ಯಾಸ ಬರುವಷ್ಟು ಜಾಗವೇ ಅಲ್ಲಿಲ್ಲ. ತೇವ ರಾತ್ರಿ 65 ಇದ್ದು ಮಧ್ಯಾಹ್ನ 40ಕ್ಕೆ ಇಳಿದರೆ ಹಾಸು ತೆಳ್ಳಗಿದೆ ಅಥವಾ ಕಿಂಡಿ ಜಾಸ್ತಿಯಾಗಿದೆ. ಕೊನೆಯ ಮೂರು ದಿನದ ಅಂಕಿಗಳು ಹೆಚ್ಚು ಕಡಿಮೆ ಒಂದೇ ಇದ್ದರೆ ಗೂಡು ತಯಾರು.

## ಹಂತ 8: ಹಾವನ್ನು ಒಳಗೆ ಬಿಡುವುದು

ಎರಡು ಹೊತ್ತಿನಲ್ಲಿ ಬದಲಿಸಬೇಡಿ. ಕಣ್ಣು ಹಾಲು ಬಿದ್ದ ಹಾಗೆ ಮಸುಕಾಗಿದ್ದರೆ ಪೊರೆ ಬಿಡುವ ತನಕ ಕಾಯಿರಿ. ಊಟ ಮಾಡಿ 48 ಗಂಟೆ ಆಗಿರದಿದ್ದರೆ ಕೈಯೇ ಹಾಕಬೇಡಿ, ನುಂಗಿದ್ದನ್ನು ಕಕ್ಕಬಹುದು. ನಾನು ನಾಲ್ಕು ದಿನ ಬಿಡುತ್ತೇನೆ.

ಸಂಜೆ, ದೀಪ ತಗ್ಗಿಸಿ ಬದಲಿಸಿ. ಹಳೇ ಹೈಡನ್ನು ಹಾವಿನ ಸಮೇತ ಎತ್ತಿ ಹೊಸ ಗೂಡಿನ ಬೆಚ್ಚನೆ ಬದಿಯಲ್ಲಿಡುವುದು ಎಲ್ಲಕ್ಕಿಂತ ಒಳ್ಳೆಯದು. ಜೊತೆಗೆ ಹಳೇ ಹಾಸು ಎರಡು ಹಿಡಿ ಹಾಕಿ, ತನ್ನದೇ ವಾಸನೆ ಸಿಗುತ್ತದೆ. ನೀರಿನ ಬಟ್ಟಲಲ್ಲಿ ಕಪ್ಪು ಚುಕ್ಕೆಗಳ ಹಾಗೆ ಉಣುಗು ತೇಲುತ್ತಿದ್ದರೆ ಮಾತ್ರ ಹಳೆಯದು ಏನೂ ಬೇಡ.

ಆಮೇಲೆ ಏಳು ದಿನ ನೀರು ಬದಲಿಸುವುದು ಬಿಟ್ಟು ಬೇರೇನೂ ಮಾಡಬೇಡಿ. ನೆಂಟರಿಗೆ ತೋರಿಸುವುದು, ಫೋಟೋ, ವಿಡಿಯೋ ಎಲ್ಲ ಆಮೇಲೆ. ಎಂಟನೇ ದಿನ ಮಾಮೂಲಿಗಿಂತ ಒಂದು ಅಳತೆ ಚಿಕ್ಕ ಇಲಿ, ಫ್ರೀಜ್ ಮಾಡಿದ್ದನ್ನು ಕರಗಿಸಿ ಬೆಚ್ಚಗೆ ಮಾಡಿ, ಕೊಡಿ. (ಸಸ್ಯಾಹಾರಿ ಮನೆಯವರಿಗೆ: ಗ್ಯಾರೇಜಿನಲ್ಲಿ ಪುಟ್ಟ ಫ್ರೀಜರ್ ಒಂದು ಇಟ್ಟುಬಿಡಿ. ಹಪ್ಪಳದ ಪಕ್ಕ ಇಲಿ ನೋಡಿದ ಅತ್ತೆಗೆ ಸಮಾಧಾನ ಹೇಳುವುದಕ್ಕಿಂತ ಅದು ಅಗ್ಗ.) ತಿನ್ನದಿದ್ದರೆ ಬೆಳಗಾಗುವಷ್ಟರಲ್ಲಿ ತೆಗೆದು, ಇನ್ನೊಂದು ವಾರ, ಹತ್ತು ದಿನ ಕಾಯಿರಿ. ದಿನಾ ಮುಂದೆ ಹಿಡಿದು "ತಿನ್ನು, ತಿನ್ನು" ಅಂದರೆ ಇನ್ನೂ ಹಿಂಜರಿಯುತ್ತದೆ. ಬೆಳೆದ ಗಂಡುಗಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಕೂರುವುದುಂಟು. ತೂಕ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿದರೆ ಆಗ ಚಿಂತೆ ಮಾಡಬೇಕು.

## ಅಪಾಯದ ಗುರುತುಗಳು

ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಟಿಕ್ ಟಿಕ್ ಅಥವಾ ಸಿಳ್ಳೆ ಸದ್ದು, ಮೂತಿಯಲ್ಲಿ ನೊರೆ: ಉಸಿರಾಟದ ಸೋಂಕು. ಗೂಡು ತಣ್ಣಗಿದ್ದು ಒದ್ದೆಯಾಗಿದ್ದಾಗ ಬರುವಂಥದ್ದು. ಮನೆಮದ್ದು ಇಲ್ಲ, ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಅದೇ ದಿನ ಹೋಗಿ. ನಾಯಿ, ಬೆಕ್ಕು ನೋಡುವ ಎಲ್ಲರೂ ಹಾವು ನೋಡುವುದಿಲ್ಲ, ವಿಳಾಸ ಮೊದಲೇ ಹುಡುಕಿಟ್ಟುಕೊಳ್ಳಿ.

ಹೊಟ್ಟೆ ಕೆಂಪಗಾಗಿದ್ದರೆ, ಹುರುಪೆ ಕಂದು ತಿರುಗಿದ್ದರೆ ಸುಟ್ಟಿರಬಹುದು. ಹೀಟರ್ ಕಿತ್ತು, ನೆಲದ ಶಾಖ ನೋಡಿ, ಇದಕ್ಕೂ ವೈದ್ಯರೇ.

ನೀರಿನ ಬಟ್ಟಲಿನಲ್ಲೇ ದಿನವಿಡೀ ಕೂತಿದ್ದರೆ ಒಂದೋ ಶಾಖ ಜಾಸ್ತಿ, ಇಲ್ಲ ತೇವ ಕಡಿಮೆ, ಇಲ್ಲ ಉಣುಗು. ಈ ಕ್ರಮದಲ್ಲೇ ಹುಡುಕಿ. ಸದಾ ತಂಪು ಬದಿಯ ಗೋಡೆಗೆ ಒತ್ತಿಕೊಂಡಿದ್ದರೆ ಬೆಚ್ಚನೆ ಬದಿ ಸುಡುತ್ತಿದೆ.

## ಮುಂದಿನ ಗೂಡಿಗೆ ಹೊತ್ತಾಯಿತೇ?

ಮೂತಿ ಉಜ್ಜುವುದೊಂದನ್ನೇ ನೋಡಿ "ಜಾಗ ಸಾಲದು" ಅಂತ ತೀರ್ಮಾನಿಸಬೇಡಿ. ಹಸಿವಾದರೂ ಉಜ್ಜುತ್ತದೆ, ಶಾಖ ತಪ್ಪಿದರೂ ಉಜ್ಜುತ್ತದೆ. ಮೊದಲು ಅಂಕಿಗಳನ್ನು ನೋಡಿ. ಅವು ಸರಿಯಿದ್ದೂ ವಾರಗಟ್ಟಲೆ ರಾತ್ರಿ ಪೂರ್ತಿ ಗೋಡೆ ತಡಕುತ್ತಿದ್ದರೆ, ಮೈ ಚಾಚಿದಾಗ ತಲೆ, ಬಾಲ ಎರಡೂ ಮೂಲೆಗೆ ಮಡಚಿದರೆ, ದಾರದ ಅಳತೆ ಗೂಡಿನ ಉದ್ದ ಮುಟ್ಟಿದರೆ, ಹೊಸ ಗೂಡಿನ ಕೆಲಸ ಶುರು ಮಾಡಿ. ತಕ್ಕಡಿ 500 ಗ್ರಾಂ ತೋರಿಸುವಾಗಲೇ ದೊಡ್ಡದಕ್ಕೆ ಆರ್ಡರ್ ಕೊಟ್ಟರೆ, ಅದು ಬಂದು, ಜೋಡಿಸಿ, ಒಂದು ವಾರ ನಡೆಸುವ ಹೊತ್ತಿಗೆ 600 ಆಗಿರುತ್ತದೆ.

## ಹಳೇ ಗೂಡನ್ನು ಮಾರಬೇಡಿ

ಕನಿಷ್ಠ ಒಂದನ್ನಾದರೂ ಇಟ್ಟುಕೊಳ್ಳಿ. ತೊಳೆಯುವಾಗ ಫಿನಾಯಿಲ್ ಬೇಡವೇ ಬೇಡ. ನಮ್ಮ ಕಡೆಯವರಿಗೆ ಕೈ ಮೊದಲು ಹೋಗುವುದು ಅದಕ್ಕೇ, ಆದರೆ ಫಿನಾಲ್ ಹಾವಿಗೆ ವಿಷ. ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು, ವಾಸನೆ ಹೋಗುವ ತನಕ ತೊಳೆದು, ಬಿಸಿಲಿಗೆ ಒಣಗಿಸಿ. ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಕೈಗೆ ಸೋಪು ಹಾಕುವುದು ಮರೆಯಬೇಡಿ, ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರಂತೂ.

ಪೇಪರ್ ಟವೆಲ್ ಕಟ್ಟು, ಒಂದು ಹೈಡ್, ಒಂದು ಬಟ್ಟಲು, ಹಳೇ ಮ್ಯಾಟ್, ಅದರ ಥರ್ಮೋಸ್ಟಾಟ್ ಎಲ್ಲವನ್ನೂ ಅದರೊಳಗೇ ಇಟ್ಟು ಮುಚ್ಚಿಡಿ. ದೊಡ್ಡ ಗೂಡಿನ ಹೀಟರ್ ಜನವರಿಯ ರಾತ್ರಿ ಎರಡು ಗಂಟೆಗೆ ಕೆಟ್ಟಾಗ ಉಂಡೆ ಆ ಹಳೇ 3 ಅಡಿಯ ಟ್ಯಾಂಕಿನಲ್ಲೇ ಹನ್ನೊಂದು ದಿನ ಇದ್ದಳು, ಹೊಸ ಪ್ಯಾನೆಲ್ ಬರುವ ತನಕ.